ಚಳಿಗಾಲದ ಬಾಬ್ ಗ್ರಹಾಂ ರೌಂಡ್: ಕಾಲಿಗಿಂತ ಮೊದಲು ಕೈ

ಬೆಂಗಳೂರಿನ ಓಟದ ಗೆಳೆಯರು ಫೋನಿನಲ್ಲಿ ಸಿಕ್ಕಾಗಲೆಲ್ಲ ಇದೇ ಕೇಳುತ್ತಾರೆ. ಅಷ್ಟು ದೂರ, ಅದೂ ಚಳಿಗಾಲದಲ್ಲಿ, ಹೇಗೆ ಓಡುತ್ತೀರಿ ಅಂತ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಸ್ವಲ್ಪ ಉದ್ದವಾಗಿದೆ.

ಮೊದಲು ಗೊತ್ತಿಲ್ಲದವರಿಗೆ ವಿಷಯ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಲೇಕ್ ಡಿಸ್ಟ್ರಿಕ್ಟ್ ಇದೆ. ಅಲ್ಲಿನ ಬೋಳು ಗುಡ್ಡಗಳಿಗೆ ಫೆಲ್ ಅನ್ನುತ್ತಾರೆ. ಕೆಸಿಕ್ ಅನ್ನುವ ಸಣ್ಣ ಊರಿನ ಮೂಟ್ ಹಾಲ್ ಕಟ್ಟಡದ ಬಾಗಿಲಿನಿಂದ ಹೊರಟು, 42 ಗುಡ್ಡಗಳ ತುದಿ ಮುಟ್ಟಿ, 24 ಗಂಟೆಯೊಳಗೆ ಅದೇ ಬಾಗಿಲಿಗೆ ಬರಬೇಕು. ಇದು ಬಾಬ್ ಗ್ರಹಾಂ ರೌಂಡ್. ದೂರ ಸುಮಾರು 66 ಮೈಲಿ, ಅಂದರೆ 106 ಕಿಲೋಮೀಟರ್. ಒಟ್ಟು ಏರು 27,000 ಅಡಿ, ಹತ್ತಿರ ಹತ್ತಿರ 8,200 ಮೀಟರ್. ಕೆಸಿಕ್‌ನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರ ಜೂನ್ 13 ಮತ್ತು 14ರಂದು ಇದನ್ನು 23 ಗಂಟೆ 39 ನಿಮಿಷದಲ್ಲಿ ಮುಗಿಸಿದರು. ಆಮೇಲೆ 28 ವರ್ಷ ಯಾರಿಗೂ ಆಗಲಿಲ್ಲ. 1960ರಲ್ಲಿ ಅಲನ್ ಹೀಟನ್ ಮಾಡಿದರು. 1982ರಲ್ಲಿ ಬಿಲ್ಲಿ ಬ್ಲಾಂಡ್ 13 ಗಂಟೆ 53 ನಿಮಿಷದಲ್ಲಿ ಓಡಿದ್ದು 2018ರ ತನಕ ದಾಖಲೆಯಾಗಿಯೇ ಉಳಿದಿತ್ತು. ಆ ವರ್ಷ ಕಿಲಿಯನ್ ಜೋರ್ನೆ ಬಂದು ಅದನ್ನು 12 ಗಂಟೆ 52 ನಿಮಿಷಕ್ಕೆ ಇಳಿಸಿದರು.

ಈ ಗುಡ್ಡಗಳ ಎತ್ತರ ಕೇಳಿದರೆ ನಮ್ಮ ಕಡೆಯವರಿಗೆ ಇಷ್ಟೇನಾ ಅನ್ನಿಸುತ್ತದೆ. ಎಲ್ಲಕ್ಕಿಂತ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ದಾಟುತ್ತದೆ. ಆದರೆ ಕೆಸಿಕ್ ಇರುವುದು ಉತ್ತರಕ್ಕೆ 54 ಡಿಗ್ರಿ ಅಕ್ಷಾಂಶದ ಮೇಲೆ, ಪಕ್ಕದಲ್ಲೇ ಸಮುದ್ರ. ಮಳೆ, ಗಾಳಿ, ಮಂಜು ಯಾವುದಕ್ಕೂ ತಡೆಯೇ ಇಲ್ಲ. ಜೂನ್‌ನಲ್ಲಿ 17 ಗಂಟೆ ಬೆಳಕಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಸೂರ್ಯ ಹುಟ್ಟಿ, ನಾಲ್ಕು ಹೊಡೆಯುವ ಮೊದಲೇ ಮುಳುಗಿಬಿಡುತ್ತಾನೆ. ಏಳು ಗಂಟೆ ಚಿಲ್ಲರೆ ಬೆಳಕು, ಅಷ್ಟೇ. ಅದೂ ಮೋಡ ಇಲ್ಲದಿದ್ದರೆ. ಕಣಿವೆಯಲ್ಲಿ 3 ಡಿಗ್ರಿ ಇದ್ದ ದಿನ ತುದಿಯಲ್ಲಿ ಮೈನಸ್ 3 ಅಥವಾ 4 ಇರುತ್ತದೆ. ಅದರ ಮೇಲೆ ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 14ರಂತೆ ತಾಗುತ್ತದೆ. ಇಂಥ ಗಾಳಿ ಅಲ್ಲಿ ಅಪರೂಪವೇನೂ ಅಲ್ಲ.

ನಾನು ಇರುವುದು ಲ್ಯಾಂಕಾಸ್ಟರ್‌ನಲ್ಲಿ. ಕೆಸಿಕ್‌ಗೆ ಕಾರಿನಲ್ಲಿ ಒಂದು ಗಂಟೆ ದಾರಿ. ಬೇಸಿಗೆಯಲ್ಲಿ ರೌಂಡ್ ಮುಗಿಸಿದ ಮೇಲೆ ಚಳಿಗಾಲದ್ದು ಮಾಡಬೇಕು ಅನ್ನುವ ಆಸೆ ಹುಟ್ಟಿತು. ಕಾರಣ ಸರಳ. ಆ ಗುಡ್ಡಗಳ ಮೇಲೆ ನನಗೆ ತುಂಬಾ ಪ್ರೀತಿ. ಜನವರಿಯಲ್ಲಿ ಡಾಡ್ ಅನ್ನುವ ಹೆಸರಿನ ಗುಡ್ಡಗಳ ಮೇಲೆ ಹಿಮ ಗಟ್ಟಿಯಾಗಿ ಹಾಸಿದಾಗ, ಚಂದ್ರನ ಬೆಳಕಿದ್ದರೆ, ಟಾರ್ಚ್ ಆರಿಸಿ ಓಡಬಹುದು. ಅದನ್ನು ಒಮ್ಮೆ ಕಂಡವರು ಬೇಸಿಗೆಯೊಂದರಲ್ಲೇ ನಿಲ್ಲುವುದು ಕಷ್ಟ.

ಚಳಿಗಾಲದ ರೌಂಡ್ ಬಗ್ಗೆ ಕೇಳುವವರು ಮೊದಲು ಶೂ ಬಗ್ಗೆ ಕೇಳುತ್ತಾರೆ. ಆಮೇಲೆ ಸ್ಪೈಕ್ (ಐಸಿನ ಮೇಲೆ ಜಾರದಂತೆ ಶೂ ಅಡಿಗೆ ಹಾಕುವ ಮುಳ್ಳು), ಆಮೇಲೆ ವಾರಕ್ಕೆ ಎಷ್ಟು ಮೈಲಿ ಓಡಬೇಕು ಅಂತ. ನಾನು ಮೊದಲು ಹೇಳುವುದು ಕೈ ಬಗ್ಗೆ.

ಯಾಕೆ ಅಂದರೆ, ಅಲ್ಲಿ ಎಲ್ಲಾ ಕೆಲಸವೂ ಕೈಯಿಂದಲೇ ಆಗಬೇಕು. ಕಂಪಾಸ್ ತಿರುಗಿಸುವುದು, ನಕ್ಷೆ ಮಡಚುವುದು, ಜಾಕೆಟ್ಟಿನ ಜಿಪ್ ಎಳೆಯುವುದು, ಶೂಗೆ ಸ್ಪೈಕ್ ಹಾಕುವುದು, ಟಾರ್ಚಿನ ಬ್ಯಾಟರಿ ಬದಲಾಯಿಸುವುದು, ತಿಂಡಿಯ ಪೊಟ್ಟಣ ಬಿಚ್ಚುವುದು, ಕೊನೆಗೆ ಉಚ್ಚೆ ಹೊಯ್ಯಲು ಪ್ಯಾಂಟ್ ಜಾರಿಸುವುದು ಕೂಡ. ಬೆರಳು ಮರಗಟ್ಟಿತು ಅಂದರೆ ಜಿಪ್ ಎಳೆಯಲು ಆಗುವುದಿಲ್ಲ, ಜಿಪ್ ಎಳೆಯದಿದ್ದರೆ ಮೈ ತಣ್ಣಗಾಗುತ್ತದೆ, ಮೈ ತಣ್ಣಗಾದರೆ ದೇಹ ಕೈಕಾಲಿನ ರಕ್ತವನ್ನು ಇನ್ನೂ ಒಳಗೆ ಎಳೆದುಕೊಳ್ಳುತ್ತದೆ, ಬೆರಳು ಇನ್ನಷ್ಟು ಸಾಯುತ್ತದೆ. ತಿಂಡಿ ಬಿಚ್ಚಲು ಆಗದೆ ತಿನ್ನುವುದು ನಿಲ್ಲುತ್ತದೆ. ತಿನ್ನದಿದ್ದರೆ ಕಾಲು ನಿಧಾನ. ನಿಧಾನವಾದರೆ ಮೈ ಬಿಸಿಯೇ ಹುಟ್ಟುವುದಿಲ್ಲ. ಕಾಲಲ್ಲಿ ಇನ್ನೂ ಶಕ್ತಿ ಇದ್ದೂ ಗುಡ್ಡದಿಂದ ಇಳಿಯಬೇಕಾಗಿ ಬರುವುದು ಹೀಗೆ.

ಬೆರಳನ್ನು ಆಡಿಸುವ ದೊಡ್ಡ ಸ್ನಾಯುಗಳು ಮುಂಗೈಯಲ್ಲಿವೆ. ಇದು ನನಗೆ ತುಂಬಾ ಉಪಯೋಗವಾದ ವಿಷಯ. ಬರೀ ದಪ್ಪ ಗ್ಲೌಸ್ ಹಾಕಿ ಮಣಿಕಟ್ಟು ಬಯಲಿಗೆ ಬಿಟ್ಟರೆ ಏನೂ ಸುಖವಿಲ್ಲ. ಮುಂಗೈ, ಮಣಿಕಟ್ಟು ಬೆಚ್ಚಗಿರಬೇಕು. ಹಳೇ ಉಣ್ಣೆ ಕಾಲುಚೀಲದ ಪಾದ ಕತ್ತರಿಸಿ, ಮೊಣಕೈಯಿಂದ ಅಂಗೈವರೆಗೆ ಬರುವ ತೋಳುಚೀಲ ಮಾಡಿಕೊಂಡಿದ್ದೇನೆ. ಅದರ ಮೇಲೆ ತೆಳ್ಳಗಿನ ಉಣ್ಣೆ ಗ್ಲೌಸ್. ಇದನ್ನು ಯಾವ ಕಾರಣಕ್ಕೂ ಬಿಚ್ಚುವುದಿಲ್ಲ. ಅದರ ಮೇಲೆ ಬೆರಳುಗಳೆಲ್ಲ ಒಟ್ಟಿಗಿರುವ ದಪ್ಪ ಮಿಟ್, ಎಲ್ಲದರ ಮೇಲೆ ನೀರು ತಡೆಯುವ ತೆಳು ಹೊದಿಕೆ ಮಿಟ್. ಮಿಟ್‌ಗಳಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿರುತ್ತೇನೆ. ಹೆಲ್ವೆಲಿನ್ ತುದಿಯ ಗಾಳಿಯಲ್ಲಿ ಒಂದು ಮಿಟ್ ಕೈಬಿಟ್ಟರೆ ಅದು ಕಣ್ಣೆದುರೇ ಹಾರಿಹೋಗುತ್ತದೆ. ಚೀಲದಲ್ಲಿ ಇನ್ನೊಂದು ಒಣ ಜೊತೆ ಇರಲೇಬೇಕು. ಎಲ್ಲಾ ಜಿಪ್ಪುಗಳಿಗೂ ಒಂದು ಬೆರಳುದ್ದದ ದಾರದ ಕುಣಿಕೆ ಹಾಕಿದ್ದೇನೆ. ಮಿಟ್ ಹಾಕಿಕೊಂಡೇ ಎಳೆಯಬಹುದು. ಕಂಪಾಸ್ ಕೊರಳಲ್ಲಿ ತೂಗುವುದಿಲ್ಲ, ಎಡಗೈಯ ಮಣಿಕಟ್ಟಿಗೆ ಕಟ್ಟಿರುತ್ತದೆ.

ಇದನ್ನೆಲ್ಲ ಮನೆಯಲ್ಲಿ ಅಭ್ಯಾಸ ಮಾಡಿದೆ. ಬಕೆಟ್ಟಿನಲ್ಲಿ ನೀರು, ಐಸ್ ತುಂಬಿ ಕೈ ಅದ್ದಿ, ಆಮೇಲೆ ಕತ್ತಲೆ ಕೋಣೆಯಲ್ಲಿ ಸ್ಪೈಕ್ ಹಾಕುವುದು, ಬ್ಯಾಟರಿ ಬದಲಿಸುವುದು. ಯಾವ ಸಾಮಾನು ತಣ್ಣಗಿನ ಕೈಗೆ ಬಗ್ಗುವುದಿಲ್ಲ ಅಂತ ಮನೆಯಲ್ಲೇ ಗೊತ್ತಾಗಿಬಿಡುತ್ತದೆ. ನನ್ನ ಹಳೇ ಹೆಡ್‌ಟಾರ್ಚಿನ ಮುಚ್ಚಳ ಹಾಗೆ ಗೊತ್ತಾಗಿ ಬದಲಾಯಿಸಿದ್ದು. ಅಂದಹಾಗೆ, ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಮೈಗಂಟಿದ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಫೋನ್ ಕೂಡ ಅಲ್ಲೇ.

ತಿಂಡಿ ಕೂಡ ಕೈಗೇ ಸಂಬಂಧಪಟ್ಟಿದ್ದು. ಅಂಗಡಿಯ ಎನರ್ಜಿ ಬಾರ್‌ಗಳು ಮೈನಸ್ ಚಳಿಯಲ್ಲಿ ಕಲ್ಲಾಗುತ್ತವೆ. ಜೆಲ್ಲು ಹಿಂಡಿದರೆ ಬರುವುದಿಲ್ಲ. ನೀರಿನ ಕೊಳವೆ ಹೆಪ್ಪುಗಟ್ಟುತ್ತದೆ, ಅದಕ್ಕೆ ಬಾಟಲಿಯೇ ವಾಸಿ. ನಾನು ಒಯ್ಯುವುದು ಕಡಲೆಕಾಯಿ ಚಿಕ್ಕಿ. ಮೊದಲೇ ಬಾಯಿಗೆ ಹಿಡಿಯುವಷ್ಟು ಸಣ್ಣ ತುಂಡು ಮಾಡಿ, ಕಾಗದವಿಲ್ಲದೆ, ಬಾಯಿ ತೆರೆದ ಬಟ್ಟೆ ಚೀಲಕ್ಕೆ ಹಾಕಿ ಎದೆಯ ಪಟ್ಟಿಗೆ ಕಟ್ಟಿರುತ್ತೇನೆ. ಮಿಟ್ ಸಮೇತ ಕೈ ಹಾಕಿ ತೆಗೆಯಬಹುದು. ತುಪ್ಪ ಸವರಿದ ಒಬ್ಬಟ್ಟು ಸುರುಳಿ ಮಾಡಿ ಒಯ್ದರೆ ಎಂಥ ಚಳಿಗೂ ಕಚ್ಚಲು ಬರುತ್ತದೆ. ರಸ್ತೆ ಸಿಗುವ ಕಡೆಗಳಲ್ಲಿ ನಮ್ಮನೆಯವರು ಫ್ಲಾಸ್ಕಿನಲ್ಲಿ ತಿಳಿಸಾರು ತಂದಿರುತ್ತಾರೆ. ಉಪ್ಪು, ಹುಳಿ, ಮೆಣಸು, ಬಿಸಿ. ಹತ್ತು ಗಂಟೆ ಸಿಹಿ ತಿಂದ ಬಾಯಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನಮ್ಮ ಓಟದ ಕ್ಲಬ್ಬಿನ ಇಂಗ್ಲಿಷ್ ಗೆಳೆಯರೂ ಈಗ ಅದನ್ನೇ ಕೇಳುತ್ತಾರೆ.

ದಾರಿ ಕಲಿಯುವುದು ಇನ್ನೊಂದು ದೊಡ್ಡ ಕೆಲಸ. ಬೇಸಿಗೆಯಲ್ಲಿ ಓಡಿದ ದಾರಿ ಕತ್ತಲಲ್ಲಿ, ಮಂಜಿನಲ್ಲಿ ಬೇರೆಯದೇ ಆಗಿರುತ್ತದೆ. ಹಿಮ ಬಿದ್ದರೆ ಕಾಲುದಾರಿ ಮುಚ್ಚಿಹೋಗುತ್ತದೆ. ರೌಂಡಿನಲ್ಲಿ ಐದು ಭಾಗಗಳಿವೆ. ಅವು ಒಡೆಯುವುದು ಥ್ರೆಲ್‌ಕೆಲ್ಡ್, ಡನ್‌ಮೇಲ್ ರೇಸ್, ವಾಸ್‌ಡೇಲ್, ಹಾನಿಸ್ಟರ್ ಈ ನಾಲ್ಕು ಕಡೆ. ನವೆಂಬರ್ ಶುರುವಾದ ಮೇಲೆ ಒಂದೊಂದೇ ಭಾಗವನ್ನು ರಾತ್ರಿ ಹೊತ್ತಿನಲ್ಲಿ ಬೇಕೆಂದೇ ಕೆಟ್ಟ ಹವೆ ನೋಡಿ ಓಡಿದೆ. ಜಿಪಿಎಸ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಗಾಳಿಯಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ಪರದೆ ನೋಡಲು ನಿಂತರೆ ಮೈ ಆರಿಹೋಗುತ್ತದೆ. ಗುರುತುಗಳು ತಲೆಯಲ್ಲಿ ಇರಬೇಕು. ಗ್ರೇಟ್ ಕ್ಯಾಲ್ವಾದ ಬೇಲಿ. ಡಾಲಿವ್ಯಾಗನ್ ಪೈಕ್‌ನಿಂದ ಗ್ರೈಸ್‌ಡೇಲ್ ಕೆರೆ ಕಡೆ ಇಳಿಯುವಾಗ ಸಿಗುವ ಹಳೇ ಕಬ್ಬಿಣದ ಕಂಬಗಳು. ಸ್ಟೀಲ್ ಫೆಲ್‌ಗೆ ಹತ್ತುವ ಬೇಲಿ. ಫೇರ್‌ಫೀಲ್ಡ್ ತುದಿಗೆ ಹೋಗಿ ಬಂದ ದಾರಿಯಲ್ಲೇ ವಾಪಸ್ ಇಳಿಯಬೇಕು. ಅದರ ನೆತ್ತಿ ಅಗಲ, ಚಪ್ಪಟೆ. ಮಂಜಿನಲ್ಲಿ ಎಲ್ಲಾ ದಿಕ್ಕೂ ಒಂದೇ ಥರ ಕಾಣುತ್ತದೆ. ಉತ್ತರಕ್ಕೆ ಹೋದರೆ ಬಂಡೆಯ ಕೊರಕಲು. ಅಲ್ಲಿ ತುದಿ ಮುಟ್ಟುವ ಮೊದಲೇ ವಾಪಸ್ ಬರುವ ದಿಕ್ಕನ್ನು ಕಂಪಾಸಿನಲ್ಲಿ ಇಟ್ಟುಕೊಂಡಿರುತ್ತೇನೆ. ತುದಿಯಲ್ಲಿ ನಿಂತು ಲೆಕ್ಕ ಹಾಕುವ ಕೆಲಸ ಇರಬಾರದು.

ಹವೆಯ ವಿಷಯಕ್ಕೆ ಅಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಡಿಸೆಂಬರ್‌ನಿಂದ ಈಸ್ಟರ್ ಹೊತ್ತಿನ ತನಕ ರಾಷ್ಟ್ರೀಯ ಉದ್ಯಾನದ ಪರವಾಗಿ ದಿನಾ ಒಬ್ಬರು ಹೆಲ್ವೆಲಿನ್ ಹತ್ತುತ್ತಾರೆ. ಹಿಮ ಎಷ್ಟಿದೆ, ಗಟ್ಟಿಯೋ ಮೆತ್ತಗೋ, ಅಂಚಿನಲ್ಲಿ ಹಿಮದ ಚಾಚು ಕಟ್ಟಿದೆಯೋ, ಗಾಳಿ ಎಷ್ಟು ಅಂತ ನೋಡಿ ವರದಿ ಹಾಕುತ್ತಾರೆ. ನಾನು ನವೆಂಬರ್ ಕಳೆದ ಮೇಲೆ ಬೆಳಿಗ್ಗೆ ಕಾಫಿ ಜೊತೆ ಓದುವುದು ಅದನ್ನೇ. ಒಂದು ದಿನದ ವರದಿಯಿಂದ ಏನೂ ತಿಳಿಯುವುದಿಲ್ಲ. ಎರಡು ವಾರ ಬಿಡದೆ ಓದಿದರೆ ಹಿಮ ಹೇಗೆ ಕಟ್ಟಿದೆ, ಯಾವಾಗ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಅದರ ಮೇಲೆ ಯಾವ ದಿನ ಹೊರಡಬೇಕು ಅನ್ನುವ ತೀರ್ಮಾನ.

ಮೊದಲ ಪ್ರಯತ್ನ ಡಿಸೆಂಬರ್ ಕೊನೆಯಲ್ಲಿ. ರಾತ್ರಿ ಹನ್ನೊಂದಕ್ಕೆ ಮೂಟ್ ಹಾಲ್ ಬಿಟ್ಟೆವು. ನನ್ನ ಜೊತೆ ನಮ್ಮ ಕ್ಲಬ್ಬಿನ ಇಬ್ಬರು ಪೇಸರ್‌ಗಳು, ಅಂದರೆ ಜೊತೆಗೆ ಓಡಿ ಸಹಾಯ ಮಾಡುವವರು. ಪ್ರತಿ ತುದಿಯನ್ನೂ ಜೊತೆಗಾರರು ಕಣ್ಣಾರೆ ನೋಡಿರಬೇಕು ಅನ್ನುವುದು ಬಾಬ್ ಗ್ರಹಾಂ ಕ್ಲಬ್ಬಿನ ನಿಯಮ. ಚಳಿಗಾಲದಲ್ಲಿ ಇದು ಪ್ರಾಣ ಕಾಯುವ ನಿಯಮವೂ ಹೌದು. ಹನ್ನೊಂದಕ್ಕೇ ಯಾಕೆ ಅಂದರೆ, ಇರುವ ಏಳು ಗಂಟೆ ಬೆಳಕು ಮೂರನೇ ಭಾಗಕ್ಕೆ ಬೀಳಬೇಕು. ಬೋಫೆಲ್‌ನಿಂದ ಸ್ಕಾಫೆಲ್‌ವರೆಗೆ ಬರೀ ಬಂಡೆಗಲ್ಲಿನ ರಾಶಿ. ಒದ್ದೆ ಕಲ್ಲಿನ ಮೇಲೆ ಗಾಜಿನಂಥ ತೆಳು ಐಸ್ ಕಟ್ಟಿದ್ದರೆ ಕತ್ತಲಲ್ಲಿ ಕಾಣುವುದೇ ಇಲ್ಲ. ಹುಲ್ಲಿನ ಗುಡ್ಡಗಳನ್ನು ರಾತ್ರಿ ಮುಗಿಸು, ಕಲ್ಲನ್ನು ಹಗಲಿಗೆ ಇಟ್ಟುಕೋ ಅಂತ ನನಗೆ ಹೇಳಿಕೊಟ್ಟಿದ್ದು ಕ್ಲಬ್ಬಿನ ಹಿರಿಯರೊಬ್ಬರು.

ಮೊದಲ ಗುಡ್ಡ ಸ್ಕಿಡಾದ ತುದಿಯಲ್ಲಿ ಗಾಳಿಗೆ ನಿಲ್ಲಲು ಆಗಲಿಲ್ಲ. ಹತ್ತುವಾಗ ಬೆವರಬಾರದು ಅಂತ ಬೇಕೆಂದೇ ನಿಧಾನ ಹತ್ತಿದ್ದೆ. ಬೆವರಿದರೆ ಮೇಲೆ ಹೋದಾಗ ಆ ಒದ್ದೆ ಐಸ್ ಆಗುತ್ತದೆ. ತುದಿಗೆ ಹತ್ತು ನಿಮಿಷ ಇರುವಾಗಲೇ, ಇನ್ನೂ ಮರೆ ಇರುವ ಕಡೆ, ಜಾಕೆಟ್, ಓವರ್‌ಮಿಟ್, ಸ್ಪೈಕ್ ಎಲ್ಲಾ ಹಾಕಿಕೊಂಡೆವು. ಎಲ್ಲದಕ್ಕೂ ಇದೇ ಲೆಕ್ಕ, ಬೇಕಾಗುವ ಮೊದಲೇ ಹಾಕಿಕೊಳ್ಳುವುದು. ಸ್ಕಿಡಾ ಇಳಿದ ಮೇಲೆ ಜವುಗು ನೆಲ. ಮೇಲೆ ಹೆಪ್ಪುಗಟ್ಟಿದ ಪದರ, ಒಳಗೆ ಕೆಸರು. ಕಾಲಿಟ್ಟರೆ ಒಮ್ಮೆ ತಡೆಯುತ್ತದೆ, ಇನ್ನೊಮ್ಮೆ ಮೊಣಕಾಲವರೆಗೆ ಇಳಿಯುತ್ತದೆ. ಗ್ರೇಟ್ ಕ್ಯಾಲ್ವಾ ಮುಗಿಸಿ ಕ್ಯಾಲ್‌ಡ್ಯೂ ಹೊಳೆ ದಾಟಬೇಕು, ಸೇತುವೆ ಇಲ್ಲ. ಮಳೆ ಜೋರಾಗಿ ಬಂದಿದ್ದರೆ ಆ ರಾತ್ರಿ ಹೊರಡಲೇಬಾರದು. ನಡುರಾತ್ರಿ ದಾಟಿದ ಮೇಲೆ ಕಾಲು ಒಣಗುವ ಮಾತೇ ಇಲ್ಲ. ಉಣ್ಣೆ ಕಾಲುಚೀಲ ಹಾಕಿ, ನಿಲ್ಲದೆ ನಡೆದರೆ ಒದ್ದೆ ಕಾಲೂ ಬೆಚ್ಚಗಾಗುತ್ತದೆ.

ಬ್ಲೆನ್‌ಕ್ಯಾಥ್ರಾದಿಂದ ಇಳಿಯಲು ಎಲ್ಲರೂ ಹಿಡಿಯುವುದು ಹಾಲ್ಸ್ ಫೆಲ್ ಏಣು. ನೇರ ದಾರಿ, ಆದರೆ ಕಲ್ಲು. ಆವತ್ತು ತುದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಕಲ್ಲೆಲ್ಲ ಮಿಂಚುತ್ತಿತ್ತು. ಮಾತೇ ಆಡದೆ ಡಾಡಿಕ್ ಫೆಲ್ ಕಡೆ ತಿರುಗಿದೆವು. ಸ್ವಲ್ಪ ಸಮಯ ಹೋಯಿತು. ಥ್ರೆಲ್‌ಕೆಲ್ಡ್‌ನಲ್ಲಿ ನಮ್ಮನೆಯವರು ಕಾರಿನ ಹಿಂಬದಿ ತೆರೆದು ಕಾದಿದ್ದರು. ಸಾರು ಕೊಡುವ ಮೊದಲು ಅವರು ಹೇಳಿದ್ದು ಒಂದೇ ಮಾತು. "ಹೆಬ್ಬೆರಳಿಂದ ಕಿರುಬೆರಳು ಮುಟ್ಟಿ ತೋರಿಸು." ಇದು ನಾವಿಬ್ಬರೂ ಮೊದಲೇ ಮಾತಾಡಿಕೊಂಡ ಪರೀಕ್ಷೆ. ಎರಡೂ ಕೈಯಲ್ಲಿ ಮುಟ್ಟಿಸಲು ಆಗದಿದ್ದರೆ, ಕೈ ಬಿಸಿಯಾಗುವ ತನಕ ಕಾರಿನಿಂದ ಬಿಡುವುದಿಲ್ಲ. ಅರ್ಧ ಗಂಟೆಯಾದರೂ ಆಗದಿದ್ದರೆ ಅಲ್ಲಿಗೆ ಮುಗಿಯಿತು. ನಾನು ಚೆನ್ನಾಗಿದ್ದೇನೆ ಅಂತ ಓಡುವವರು ಹೇಳುವ ಮಾತನ್ನು ಆ ಹೊತ್ತಿನಲ್ಲಿ ನಂಬಬಾರದು. ಮೈ ತಣ್ಣಗಾದವರಿಗೆ ತಾವು ತಣ್ಣಗಾಗಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಎಡವುವುದು, ಮಾತು ತೊದಲುವುದು, ಕೈಯಿಂದ ಸಾಮಾನು ಜಾರುವುದು, ಸುಮ್‌ಸುಮ್ನೆ ಸಿಡುಕುವುದು. ಜೊತೆಗಿದ್ದವರು ನೋಡಬೇಕಾದ್ದು ಈ ನಾಲ್ಕು.

ಎರಡನೇ ಭಾಗದಲ್ಲಿ ಕ್ಲಫ್ ಹೆಡ್ ಹತ್ತಿದ ಮೇಲೆ ಡಾಡ್‌ಗಳು, ಹೆಲ್ವೆಲಿನ್, ಎಲ್ಲಾ ಒಂದೇ ಉದ್ದನೆಯ ಬೆನ್ನು. ದಟ್ಟ ಮಂಜು. ಟಾರ್ಚಿನ ಬೆಳಕು ಮುಖದೆದುರೇ ಬಿಳಿ ಗೋಡೆಯಾಗಿ ನಿಲ್ಲುತ್ತದೆ. ಆಗ ಹಣೆಯ ಟಾರ್ಚ್ ಬಿಚ್ಚಿ ಸೊಂಟದ ಎತ್ತರಕ್ಕೆ ಹಿಡಿದರೆ ನೆಲ ಕಾಣುತ್ತದೆ. ಹೆಲ್ವೆಲಿನ್‌ನಿಂದ ನೆದರ್‌ಮೋಸ್ಟ್ ಪೈಕ್ ಕಡೆ ಹೋಗುವಾಗ ಪೂರ್ವದ ಅಂಚಿನಿಂದ ದೂರವೇ ಇರಬೇಕು. ಗಾಳಿ ಹಿಮವನ್ನು ಅಂಚಿನಾಚೆಗೆ ಚಾಚಿ ಕಟ್ಟಿರುತ್ತದೆ, ಕೆಳಗೆ ಏನೂ ಇರುವುದಿಲ್ಲ. ಡಾಲಿವ್ಯಾಗನ್ ಇಳಿಯುವಾಗ ಬೆಳಕಾಯಿತು. ಡನ್‌ಮೇಲ್‌ನಲ್ಲಿ ಕೈ ಪರೀಕ್ಷೆ ಪಾಸು, ಒಣ ಗ್ಲೌಸ್, ಎರಡು ಲೋಟ ಸಾರು, ಹೊಸ ಪೇಸರ್‌ಗಳು.

ಮೂರನೇ ಭಾಗದಲ್ಲಿ 15 ತುದಿಗಳು. ಮಧ್ಯಾಹ್ನದ ತನಕ ಎಲ್ಲಾ ಸರಿಯಾಗಿತ್ತು. ಬೋಫೆಲ್ ದಾಟಿದ ಮೇಲೆ ಕಲ್ಲಿನ ಮೇಲೆ ಐಸ್. ಸ್ಪೈಕ್ ಬರೀ ಕಲ್ಲಿನ ಮೇಲೆ ಜಾರುತ್ತದೆ, ಸ್ಪೈಕ್ ಇಲ್ಲದಿದ್ದರೆ ಐಸಿನ ಮೇಲೆ ಜಾರುತ್ತದೆ. ಗ್ರೇಟ್ ಎಂಡ್, ಇಲ್ ಕ್ರ್ಯಾಗ್, ಬ್ರಾಡ್ ಕ್ರ್ಯಾಗ್, ಈ ಮೂರಕ್ಕೆ ಬೇಸಿಗೆಯ ಎರಡರಷ್ಟು ಹೊತ್ತು ಬೇಕಾಯಿತು. ಸ್ಕಾಫೆಲ್ ಪೈಕ್ ಮುಟ್ಟಿದಾಗ ಬೆಳಕು ಇಳಿಯುತ್ತಿತ್ತು. ಅಲ್ಲಿಂದ ಪಕ್ಕದ ಸ್ಕಾಫೆಲ್‌ಗೆ ಹೋಗುವುದು ಇಡೀ ರೌಂಡಿನ ಗಂಟಲು. ಎರಡರ ನಡುವೆ ಮಿಕಲ್‌ಡೋರ್ ಅನ್ನುವ ಕಿರಿದಾದ ತಗ್ಗು. ನೇರ ಹತ್ತಿದರೆ ಬ್ರಾಡ್ ಸ್ಟ್ಯಾಂಡ್, ಅದು ಬಂಡೆ ಏರುವುದು, ಐಸಿದ್ದಾಗ ಓಟದ ಶೂನಲ್ಲಿ ಯೋಚಿಸಲೂಬಾರದು. ಸುತ್ತು ಹೊಡೆದರೆ ಫಾಕ್ಸಸ್ ಟಾರ್ನ್ ಕೊರಕಲು. ಅದರಲ್ಲಿ ನೀರು ಹರಿಯುತ್ತಿರುತ್ತದೆ, ಅಂದರೆ ಚಳಿಗಾಲದಲ್ಲಿ ಐಸಿನ ಮೆಟ್ಟಿಲು.

ನಾವು ಹೊರಡುವ ಮೊದಲೇ ಬರೆದಿಟ್ಟಿದ್ದೆವು. ಮಧ್ಯಾಹ್ನ ಮೂರಕ್ಕೆ ಮೊದಲು ಮಿಕಲ್‌ಡೋರ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಸ್ಕಾಫೆಲ್ ಇಲ್ಲ. ಮೂರು ಯಾವಾಗಲೋ ದಾಟಿತ್ತು. ಹಾಗಾಗಿ ಚರ್ಚೆಯೇ ನಡೆಯಲಿಲ್ಲ. ಹಾಲೋ ಸ್ಟೋನ್ಸ್ ಮೂಲಕ ವಾಸ್‌ಡೇಲ್‌ಗೆ ಇಳಿದೆವು. ಒಂದು ತುದಿ ಬಿಟ್ಟರೆ ರೌಂಡ್ ಇಲ್ಲ, ಅಲ್ಲಿಗೆ ಆವತ್ತಿನದು ಮುಗಿಯಿತು. ಕಣಿವೆಗೆ ಬಂದಾಗ ಅಳು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆ ತೀರ್ಮಾನದ ಬಗ್ಗೆ ಇವತ್ತಿಗೂ ನನಗೆ ಅನುಮಾನ ಇಲ್ಲ. ಹದಿನಾರು ಗಂಟೆ ಓಡಿ ದಣಿದ ತಲೆಗೆ ಇಂಥ ಲೆಕ್ಕ ಬಿಡಬಾರದು. ಮನೆಯಲ್ಲಿ, ಹೊಟ್ಟೆ ತುಂಬಿ, ಬೆಚ್ಚಗಿದ್ದಾಗ ಬರೆದಿಟ್ಟದ್ದೇ ಗುಡ್ಡದ ಮೇಲೆ ಮಾತಾಡಬೇಕು. ಅಲ್ಲಿನ ರಕ್ಷಣಾ ತಂಡಗಳಲ್ಲಿ ಇರುವವರು ಸಂಬಳವಿಲ್ಲದ ಸ್ವಯಂಸೇವಕರು. ರಾತ್ರಿ ಊಟ ಬಿಟ್ಟು ಗುಡ್ಡ ಹತ್ತುತ್ತಾರೆ. ನಮ್ಮ ಆಸೆಗೆ ಅವರನ್ನು ಸ್ಕಾಫೆಲ್ ಐಸಿನ ಮೇಲೆ ಕರೆಸುವ ಹಕ್ಕು ನಮಗಿಲ್ಲ, ಅಲ್ವಾ?

ಮುಂದಿನ ಚಳಿಗಾಲ ಫೆಬ್ರವರಿ ನಡುವನ್ನು ಆರಿಸಿಕೊಂಡೆ. ಡಿಸೆಂಬರ್‌ಗಿಂತ ಎರಡೂವರೆ ಗಂಟೆ ಬೆಳಕು ಜಾಸ್ತಿ. ಹಿಮವೂ ಆ ಹೊತ್ತಿಗೆ ಕರಗಿ, ಹೆಪ್ಪುಗಟ್ಟಿ, ಮತ್ತೆ ಕರಗಿ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ನಡುಚಳಿಗಾಲದಲ್ಲೇ ಮಾಡಬೇಕು ಅನ್ನುವವರು ಇದ್ದಾರೆ. ಅವರ ಮೇಲೆ ನನಗೆ ದೊಡ್ಡ ಗೌರವ. ನನಗೆ ಬೇಕಾಗಿದ್ದು ಹಿಮದ ಮೇಲೆ ಪೂರ್ತಿ ಸುತ್ತು.

ಆ ವಾರ ಗಾಳಿ ಸತ್ತಿತ್ತು. ಆಕಾಶ ಸ್ವಚ್ಛ, ಕಣಿವೆಯಲ್ಲೇ ಮೈನಸ್. ಜವುಗೆಲ್ಲ ಕಲ್ಲಾಗಿತ್ತು. ಹೋದ ಸಲ ಮೊಣಕಾಲವರೆಗೆ ಇಳಿದ ಕಡೆ ಸ್ಪೈಕ್ ಹಾಕಿ ಸಲೀಸಾಗಿ ಓಡಿದೆವು. ಡಾಡ್‌ಗಳ ಮೇಲೆ ಗಟ್ಟಿ ಹಿಮ, ಚಂದ್ರ ಇದ್ದ. ಆ ಎರಡು ಗಂಟೆಗಾಗಿ ಬೇಕಾದರೆ ನಾನು ಇನ್ನೊಂದು ವರ್ಷ ಕಾಯುತ್ತಿದ್ದೆ. ಹೆಲ್ವೆಲಿನ್‌ನಿಂದ ದಕ್ಷಿಣಕ್ಕೆ ನೋಡಿದರೆ ದಿನವಿಡೀ ಹೋಗಬೇಕಾದ ತುದಿಗಳೆಲ್ಲ ನೀಲಿ ಬಣ್ಣದಲ್ಲಿ ಸಾಲಾಗಿ ಕೂತಿದ್ದವು.

ಸ್ಕಾಫೆಲ್ ಬುಡಕ್ಕೆ ಬಂದಾಗ ಮೂರಕ್ಕೆ ಇನ್ನೂ ಸಮಯ ಇತ್ತು. ಫಾಕ್ಸಸ್ ಟಾರ್ನ್ ಕೊರಕಲು ಪೂರ್ತಿ ಹಿಮ ತುಂಬಿ ಮೆಟ್ಟಿಲಾಗಿತ್ತು. ಐಸ್ ಆಕ್ಸ್ (ಹಿಮಕ್ಕೆ ಊರುವ ಸಣ್ಣ ಗುದ್ದಲಿ) ನನ್ನ ಕೈಯಲ್ಲೂ ಪೇಸರ್ ಕೈಯಲ್ಲೂ ಇತ್ತು, ಅದನ್ನು ಬಳಸುವ ತರಬೇತಿಯೂ ಆಗಿತ್ತು. ಜಾರಿದರೆ ಆಕ್ಸ್ ಊರಿ ನಿಲ್ಲಿಸಿಕೊಳ್ಳುವುದನ್ನು ಒಬ್ಬ ಮಾರ್ಗದರ್ಶಕರ ಹತ್ತಿರ ಹಗಲಿನಲ್ಲಿ, ಅಪಾಯವಿಲ್ಲದ ಇಳಿಜಾರಿನಲ್ಲಿ, ಸಾಕು ಅನ್ನುವಷ್ಟು ಸಲ ಬಿದ್ದು ಕಲಿತಿದ್ದೆ. ಇದನ್ನು ಬಿಡಬೇಡಿ. ಬಳಸಲು ಬಾರದ ಆಕ್ಸ್ ಬರೀ ಭಾರ. ಓಟದ ಸ್ಪೈಕ್ ಕೂಡ ಕಡಿದಾದ ಗಟ್ಟಿ ಹಿಮಕ್ಕೆ ಸಾಲದು. ಆ ದಿನ ಹಿಮ ಕಾಲೂರುವಷ್ಟು ಮೆತ್ತಗಿತ್ತು, ಅದಕ್ಕೇ ಹತ್ತಿದೆವು. ಗಾಜಿನ ಹಾಗಿದ್ದರೆ ಮತ್ತೆ ಕೆಳಗೇ ಇಳಿಯುವುದು ಅಂತ ಬರೆದಿಟ್ಟಿದ್ದೆವು.

ವಾಸ್‌ಡೇಲ್‌ಗೆ ಬೆಳಕಿರುವಾಗಲೇ ಇಳಿದೆವು. ಅಲ್ಲಿಗೆ ಕಾರಿನಲ್ಲಿ ಬರಲು ಬಹಳ ಸುತ್ತಬೇಕು. ನಮ್ಮನೆಯವರು ಇಡೀ ಹಗಲು ಅದೇ ಕೆಲಸ ಮಾಡಿದ್ದರು. ಈ ಸಲ ಕೈ ಪರೀಕ್ಷೆಯಲ್ಲಿ ಎಡಗೈ ಮುಟ್ಟಲಿಲ್ಲ. "ಕೂತ್ಕೋ, ಎದ್ದರೆ ನೋಡು" ಅಂದರು. ಬಿಸಿ ಲೋಟ ಹಿಡಿದು, ಕೈಯನ್ನು ಅವರ ಕಂಕುಳಲ್ಲಿ ಇಟ್ಟು ಕೂತೆ. ಬಹಳ ಹೊತ್ತು ಆಯಿತು. ಗಡಿಯಾರ ನೋಡಲಿಲ್ಲ. ಬೆರಳು ವಾಪಸ್ ಬಂತು, ರಕ್ತ ಹರಿಯುವಾಗಿನ ನೋವೂ ಬಂತು. ಆಮೇಲೆ ಎದ್ದು ಯೂಬ್ಯಾರೋ ಹತ್ತಲು ಶುರು ಮಾಡಿದೆ. ಅದು ಕಣಿವೆಯ ತಳದಿಂದ ಐನೂರು ಮೀಟರ್‌ಗೂ ಜಾಸ್ತಿ, ಒಂದೇ ಸಮನೆ ಏರು, ಕತ್ತಲು ಬೇರೆ. ರೌಂಡ್ ಬಿಡುವವರು ಹೆಚ್ಚಾಗಿ ಬಿಡುವುದು ವಾಸ್‌ಡೇಲ್‌ನಲ್ಲೇ, ಆ ಏರು ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ನಾಲ್ಕನೇ ಭಾಗ ನನ್ನ 24 ಗಂಟೆಯನ್ನು ನುಂಗಿತು. ಕರ್ಕ್ ಫೆಲ್, ಗ್ರೇಟ್ ಗೇಬಲ್ ಎರಡರಲ್ಲೂ ಕಲ್ಲು ಮತ್ತು ಐಸ್ ಬೆರೆತಿತ್ತು. ಒಂದೊಂದು ಹೆಜ್ಜೆಯನ್ನೂ ನೋಡಿ ಇಡಬೇಕಿತ್ತು. ಗೇಬಲ್ ತುದಿಯಲ್ಲಿ ಪೇಸರ್ ಸಮಯ ಹೇಳಿದಾಗ ಗೊತ್ತಾಯಿತು, 24ರೊಳಗೆ ಆಗುವುದಿಲ್ಲ. ಮುಂದುವರಿಸೋಣವಾ ಅಂತ ಅವರು ಕೇಳಿದರು. ಬರೆದಿಟ್ಟ ನಿಯಮದಲ್ಲಿ ನೋಡಬೇಕಾದ್ದು ಹವೆ, ಕೈ, ಬೆಳಕು, ಜೊತೆಗಾರರ ಸ್ಥಿತಿ. ನಾಲ್ಕೂ ಸರಿ ಇತ್ತು. ಹೋಗೋಣ ಅಂದೆ. ಹಾನಿಸ್ಟರ್‌ನಲ್ಲಿ ಕೊನೆಯ ಸಾರು. ಡೇಲ್ ಹೆಡ್, ಹಿಂಡ್‌ಸ್ಕಾರ್ತ್, ರಾಬಿನ್‌ಸನ್. ಆಮೇಲೆ ನ್ಯೂಲ್ಯಾಂಡ್ಸ್ ಕಣಿವೆಯ ರಸ್ತೆಯಲ್ಲಿ ಉದ್ದ ಓಟ, ಟಾರ್ ಮೇಲೂ ಐಸ್. ಮೂಟ್ ಹಾಲ್ ಮುಟ್ಟಿದಾಗ 25 ಗಂಟೆ ಮೀರಿತ್ತು. ಬಾಬ್ ಗ್ರಹಾಂ ಕ್ಲಬ್ಬಿನ ಪಟ್ಟಿಗೆ ಇದು ಸೇರುವುದಿಲ್ಲ. 42 ತುದಿಗಳನ್ನೂ ಒಂದೇ ಸುತ್ತಿನಲ್ಲಿ ಹಿಮದ ಮೇಲೆ ಮುಟ್ಟಿದೆ. ಅದು ನನಗೆ ದೊಡ್ಡದು.

ಈ ಚಳಿಗಾಲಕ್ಕೆ ಕೆಲಸ ನಾಲ್ಕನೇ ಭಾಗದ್ದು. ಕರ್ಕ್ ಫೆಲ್ ಮತ್ತು ಗೇಬಲ್ ನಡುವಿನ ಇಳಿಜಾರನ್ನು ರಾತ್ರಿ ಐಸಿನಲ್ಲಿ ಇನ್ನೂ ಕಲಿಯಬೇಕು. ವಾಸ್‌ಡೇಲ್‌ಗೆ ಬರುವ ಮೊದಲು, ಸ್ಕಾಫೆಲ್ ತುದಿಯಲ್ಲೇ ಒಣ ಗ್ಲೌಸ್ ಬದಲಾಯಿಸಿ ನೋಡಬೇಕು ಅಂತ ಇದೆ. ಆ ಇಳಿತದಲ್ಲೇ ಎಡಗೈ ಹೋಗಿದ್ದು.

ಓದುತ್ತಿರುವವರಲ್ಲಿ ಯಾರಾದರೂ ಬ್ರಿಟನ್ನಿನಲ್ಲಿ ಇದ್ದು ಆಸೆ ಹುಟ್ಟಿದರೆ, ಹತ್ತಿರದ ಫೆಲ್ ಓಟದ ಕ್ಲಬ್ಬಿಗೆ ಸೇರಿ. ಮೊದಲ ವರ್ಷ ಬೇರೆಯವರ ರೌಂಡಿಗೆ ಪೇಸರ್ ಆಗಿ ಹೋಗಿ, ಒಂದೊಂದೇ ಭಾಗ. ಅಲ್ಲಿ ದಾರಿ ಕಲಿಯಬಹುದು, ಸಹಾಯ ಮಾಡಿದವರಿಗೆ ಸಹಾಯ ಸಿಗುತ್ತದೆ. ಚೀಲದಲ್ಲಿ ಪೂರ್ತಿ ಮೈ ಮುಚ್ಚುವ ಮಳೆ ಬಟ್ಟೆ, ಒದ್ದೆಯಾದರೂ ಬಿಸಿ ಹಿಡಿಯುವ ಸಿಂಥೆಟಿಕ್ ಜಾಕೆಟ್, ಒಳಗೆ ಮೈ ತೂರಿಸಿಕೊಳ್ಳುವ ಸರ್ವೈವಲ್ ಚೀಲ, ನಕ್ಷೆ, ಕಂಪಾಸ್, ಎರಡು ಟಾರ್ಚ್ ಮತ್ತು ಸೀಟಿ ಇರಲಿ. ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಇದು ಅಲ್ಲಿ ಸಹಾಯ ಕೇಳುವ ಸಂಕೇತ. ಫೋನಿಗೆ ಸಿಗ್ನಲ್ ಸಿಕ್ಕರೆ 999ಕ್ಕೆ ಮಾಡಿ, ಪೊಲೀಸರನ್ನು ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಊರಿನಲ್ಲೇ ಇರುವವರು ಕೈ ಅಭ್ಯಾಸವನ್ನು ಐಸ್ ಬಕೆಟ್ಟಿನಿಂದಲೇ ಶುರು ಮಾಡಬಹುದು. ತೋಳುಚೀಲಕ್ಕೆ ಯಾವ ಅಳತೆ ಹಿಡಿಸುತ್ತದೆ, ಮಿಟ್‌ಗೆ ದಾರ ಹೇಗೆ ಕಟ್ಟುವುದು ಅಂತ ಬೇಕಿದ್ದರೆ ಕೇಳಿ, ಬಿಡಿಸಿ ಹೇಳುತ್ತೇನೆ.